‘ಒನ್ಸ್ ಮೋರ್’ ಎಂದರೂ ಬಾರದ ಗಾಯಕ

ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ನಗರದಲ್ಲಿ 1956ರ ಡಿಸೆಂಬರ್ 15ರ ರಾತ್ರಿ ಎಲ್ವಿಸ್ ಪ್ರೆಸ್ಲಿ ಹಾಡು ಮುಗಿಸಿ ವೇದಿಕೆಯಿಂದ ಇಳಿದ. ಎರಡು ವರ್ಷಗಳ ಹಿಂದೆ, 1954ರ ಅಕ್ಟೋಬರ್‌ನಲ್ಲಿ, ಇದೇ ಊರಿನ ‘ಲೂಸಿಯಾನಾ ಹೇರೈಡ್’ ಎಂಬ ರೇಡಿಯೋ ಕಾರ್ಯಕ್ರಮದಲ್ಲಿ ಅಂಜುತ್ತಲೇ ಹಾಡಿದ್ದ ಹುಡುಗ ಈಗ ದೇಶಕ್ಕೆ ದೇಶವೇ ಕುಣಿಯುವ ತಾರೆ. ಹೇರೈಡ್‌ನೊಂದಿಗೆ ಮಾಡಿಕೊಂಡಿದ್ದ ಕರಾರಿನಿಂದ ಬಿಡಿಸಿಕೊಳ್ಳಲು 10,000 ಡಾಲರ್ ತೆತ್ತಿದ್ದ. ಅಂದಿನದು ಋಣ ತೀರಿಸುವ ವಿದಾಯದ ಹಾಡು, ಸಹಾಯಾರ್ಥ ಪ್ರದರ್ಶನ. ಅವನು ಮರೆಯಾದದ್ದೇ ತಡ, ಸಾವಿರಾರು ಎಳೆಯರು ಕುರ್ಚಿ ಬಿಟ್ಟೆದ್ದು ಕೂಗತೊಡಗಿದರು. ಆಗ ನಿರೂಪಕ ಹೊರೇಸ್ ಲೋಗನ್ ಧ್ವನಿವರ್ಧಕದ ಮುಂದೆ ನಿಂತು, ಎಲ್ವಿಸ್ ಕಟ್ಟಡ ಬಿಟ್ಟು ಹೋಗಿದ್ದಾನೆ, ದಯವಿಟ್ಟು ಕುಳಿತುಕೊಳ್ಳಿ ಎಂದು ಸಾರಬೇಕಾಯಿತು.

ಇಂಗ್ಲಿಷ್ ಬಲ್ಲವರಿಗೆಲ್ಲ ಗೊತ್ತಿರುವ ಆ ಮಾತು ಈಗ ‘ಕಥೆ ಮುಗಿಯಿತು’ ಎಂಬುದಕ್ಕೆ ಗಾದೆಯೇ ಆಗಿಬಿಟ್ಟಿದೆ. ಆದರೆ ಅಂದು ಕಥೆ ಮುಗಿದಿರಲಿಲ್ಲ ಎಂಬುದೇ ತಮಾಷೆ. ಎಲ್ವಿಸ್ ನಂತರ ಹಾಡಬೇಕಾದ ಕಲಾವಿದರು ಇನ್ನೂ ಸಾಲಾಗಿ ಕಾದಿದ್ದರು. ಲೋಗನ್‌ಗೆ ಬೇಕಾಗಿದ್ದದ್ದು ಜನ ಮನೆಗೆ ಹೋಗುವುದಲ್ಲ, ಉಳಿದವರ ಹಾಡನ್ನೂ ಕೇಳುವುದು. ಮುಂದೆ 1970ರ ದಶಕದಲ್ಲಿ ಎಲ್ವಿಸ್ ಪ್ರವಾಸಗಳ ಉದ್ಘೋಷಕ ಆಲ್ ಡ್ವೋರಿನ್ ಕಾರ್ಯಕ್ರಮದ ಕೊನೆಯಲ್ಲಿ ಅದೇ ಮಾತನ್ನು ಹೇಳುವುದು ರೂಢಿಯಾಯಿತು. ಮರುಹಾಡು ಇಲ್ಲ, ಬಾಗಿಲ ಬಳಿ ಕಾಯುವುದೂ ವ್ಯರ್ಥ ಎಂಬುದು ಅದರ ಅರ್ಥ. ಕೂಗಿದರೆ ಗಾಯಕ ಮರಳಿ ಬಂದೇ ಬರಬೇಕು ಎಂಬ ನಂಬಿಕೆ ಕೇಳುಗನಿಗೆ ಎಲ್ಲಿಂದ ಬಂತು?

ನಮ್ಮ ಕಂಪನಿ ನಾಟಕಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ‘ಒನ್ಸ್ ಮೋರ್’ ಎಂಬುದು ಇಂಗ್ಲಿಷ್ ಅಕ್ಷರವೂ ಬಾರದವರ ಬಾಯಲ್ಲಿ ಅಪ್ಪಟ ಕನ್ನಡವಾಗಿ ಹೋದ ಮಾತು. ರಂಗಗೀತೆಗೆ ಆ ಕೂಗು ಬಿತ್ತೆಂದರೆ ನಾಟಕದ ಗತಿ ಅಲ್ಲಿಗೇ ನಿಲ್ಲುತ್ತಿತ್ತು. ಸತ್ತು ಬಿದ್ದ ಪಾತ್ರಧಾರಿ ಎದ್ದು ಕುಳಿತು, ಹಾಡನ್ನು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸತ್ತ ಕಥೆಗಳನ್ನು ಹಳಬರು ಇಂದಿಗೂ ಹೇಳಿ ನಗಿಸುತ್ತಾರೆ. ಯುರೋಪಿನ ಗೀತನಾಟಕಗಳಲ್ಲೂ ನಡೆಯುತ್ತಿದ್ದದ್ದು ಇದೇ. ಈ ಕೂಗಿಗೆ ಇಂಗ್ಲಿಷರು ಫ್ರೆಂಚರಿಂದ ‘ಆಂಕೋರ್’ ಎಂಬ ಶಬ್ದವನ್ನು ಎರವಲು ತಂದರು. ಫ್ರೆಂಚರು ಮಾತ್ರ ಅದನ್ನು ಬಿಟ್ಟು ‘ಬಿಸ್’ ಎಂದು ಕೂಗುತ್ತಾರೆ! ಅದು ಎರಡು ಬಾರಿ ಎಂದರ್ಥದ ಲ್ಯಾಟಿನ್ ಪದ.

1786ರ ಮೇ 1ರಂದು ವಿಯೆನ್ನಾದಲ್ಲಿ ಮೊಜಾರ್ಟ್‌ನ ‘ಫಿಗರೋನ ಮದುವೆ’ ರಂಗಕ್ಕೆ ಬಂತು. ಎರಡನೆಯ ಪ್ರದರ್ಶನದಲ್ಲಿ ಐದು ಭಾಗಗಳನ್ನೂ ಮೂರನೆಯದರಲ್ಲಿ ಏಳನ್ನೂ ಜನ ಮತ್ತೆ ಹಾಡಿಸಿದರೆಂದು, ಅದರಲ್ಲೊಂದು ಪುಟ್ಟ ಯುಗಳಗೀತೆಯನ್ನು ಮೂರು ಸಲ ಹಾಡಬೇಕಾಯಿತೆಂದು ಮೊಜಾರ್ಟ್‌ನ ತಂದೆ ಮಗಳಿಗೆ ಬರೆದ ಪತ್ರದಲ್ಲಿದೆ. ಮೊದಲೇ ಉದ್ದದ ಕೃತಿ; ಹೀಗೆ ಬೆಳೆದರೆ ಮುಗಿಯುವುದು ಯಾವಾಗ? ಮೇ 9ರಂದು ಚಕ್ರವರ್ತಿ ಎರಡನೆಯ ಜೋಸೆಫ್ ಆಜ್ಞೆ ಹೊರಡಿಸಿದ: ಒಂದಕ್ಕಿಂತ ಹೆಚ್ಚು ಕಂಠಗಳಿರುವ ಯಾವ ಭಾಗವನ್ನೂ ಮರಳಿ ಹಾಡಕೂಡದು. ಏಕವ್ಯಕ್ತಿ ಗಾಯನಕ್ಕೆ ಮಾತ್ರ ವಿನಾಯಿತಿ. ಮೆಚ್ಚುಗೆಗೂ ಅರಸನ ಅಪ್ಪಣೆ ಬೇಕಾಯಿತೆನ್ನಿ.

ಆಜ್ಞೆ ಬಂದ ಮೇಲೆ ಕೂಗಿಗೆ ಬೇರೆಯೇ ಅರ್ಥ ಬರುವುದು ಸಹಜ. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಮಿಲಾನ್‌ನಲ್ಲಿ 1842ರ ಮಾರ್ಚ್ 9ರಂದು ವೆರ್ಡಿಯ ‘ನಬುಕ್ಕೊ’ ಮೊದಲ ಪ್ರದರ್ಶನ ಕಂಡಿತು. ಅದರಲ್ಲಿ ಸೆರೆಯಾದ ಹೀಬ್ರೂ ಜನ ತಾಯ್ನಾಡನ್ನು ನೆನೆದು ಹಾಡುವ ಮೇಳಗೀತೆಯನ್ನು ಕೇಳಿ ಪ್ರೇಕ್ಷಕರು ಸರ್ಕಾರದ ನಿಷೇಧವನ್ನು ಧಿಕ್ಕರಿಸಿ ಮತ್ತೆ ಹಾಡಿಸಿದರು ಎಂಬುದು ಇಟಲಿಯ ಸ್ವಾತಂತ್ರ್ಯ ಹೋರಾಟದ ಜನಪ್ರಿಯ ಕಥೆ. ವಿದ್ವಾಂಸ ರೋಜರ್ ಪಾರ್ಕರ್ ಅಂದಿನ ಪತ್ರಿಕೆಗಳನ್ನು ಕೆದಕಿ ನೋಡಿದಾಗ ಮತ್ತೆ ಹಾಡಿಸಿದ್ದು ಆ ಗೀತೆಯನ್ನಲ್ಲ, ಕೃತಿಯ ಕೊನೆಗೆ ಬರುವ ದೇವಸ್ತುತಿಯನ್ನು ಎಂದು ತಿಳಿಯಿತು. ಆದರೂ ಹಳೆಯ ಕಥೆ ಸಾಯಲಿಲ್ಲ. ಜನಕ್ಕೆ ತಾವು ಕೂಗಬೇಕಾಗಿದ್ದ ಹಾಡು ಯಾವುದೆಂದು ಆಮೇಲೆ ತೋರಿತೋ, ಅದನ್ನೇ ಕೂಗಿದೆವೆಂದು ನೆನಪಿಟ್ಟುಕೊಂಡರು.

ಅದೇ ಮಿಲಾನ್, ಅದೇ ಲಾ ಸ್ಕಾಲಾ ರಂಗಮಂದಿರ. 1898ರಿಂದ ಅಲ್ಲಿನ ಸಂಗೀತದ ಚುಕ್ಕಾಣಿ ಹಿಡಿದಿದ್ದ ಆರ್ತುರೊ ಟೊಸ್ಕನೀನಿ ಮಹಾ ಶಿಸ್ತಿನ ಮನುಷ್ಯ. ಸಭಾಂಗಣದ ದೀಪ ಆರಿಸಿದ, ಹೆಂಗಸರ ದೊಡ್ಡ ಟೋಪಿಗಳನ್ನು ತೆಗೆಸಿದ. ಮರುಹಾಡು ಅವನ ಪಾಲಿಗೆ ಕೃತಿಗೆ ಬಗೆವ ದ್ರೋಹ. 1903ರ ಋತುವಿನ ಕೊನೆಯ ರಾತ್ರಿ, ವೆರ್ಡಿಯದೇ ಇನ್ನೊಂದು ಕೃತಿಯಲ್ಲಿ ಜೊವಾನಿ ಝೆನಾತೆಲ್ಲೊ ಹಾಡಿದ್ದು ಎಷ್ಟು ಹಿಡಿಸಿತೆಂದರೆ ಜನ ‘ಬಿಸ್, ಬಿಸ್’ ಎಂದು ಪಟ್ಟು ಹಿಡಿದರು. ಟೊಸ್ಕನೀನಿ ಒಪ್ಪಲಿಲ್ಲ. ಗದ್ದಲ ಅಡಗಲಿಲ್ಲ. ಪ್ರದರ್ಶನ ಮುಗಿಯುವ ಮೊದಲೇ ಅವನು ಎದ್ದು ನಡೆದ. ಲಾ ಸ್ಕಾಲಾಕ್ಕೆ ಮರಳಿದ್ದು 1906ರಲ್ಲಿ. ಅವನ ನಿಷ್ಠುರ ಎಷ್ಟು ಆಳವಾಗಿ ಬೇರೂರಿತೆಂದರೆ, 2007ರ ಫೆಬ್ರವರಿಯಲ್ಲಿ ಹ್ವಾನ್ ದಿಯೇಗೊ ಫ್ಲೋರೆಸ್ ಅಲ್ಲಿ ಒಂದು ಹಾಡನ್ನು ಎರಡನೆಯ ಬಾರಿ ಹಾಡಿದ್ದು ಜಗತ್ತಿನ ಪತ್ರಿಕೆಗಳಿಗೆ ಸುದ್ದಿಯಾಯಿತು. ಅದಕ್ಕೆ ಮುಂಚೆ ಹಾಗೆ ಆಗಿದ್ದದ್ದು 1933ರಲ್ಲಂತೆ.

ಯಾರದು ಸರಿ? ಟೊಸ್ಕನೀನಿಯ ಪರ ವಾದಿಸುವುದು ಸುಲಭ. ಆದರೆ ಕೂಗುವವನ ಕಷ್ಟವನ್ನೂ ನೋಡಬೇಕು. ಎಡಿಸನ್ ಧ್ವನಿಯನ್ನು ಹಿಡಿದಿಟ್ಟದ್ದು 1877ರಲ್ಲಿ. ಅದಕ್ಕೆ ಮೊದಲು ಒಮ್ಮೆ ಕೇಳಿದ ಹಾಡು ಮತ್ತೆ ಕಿವಿಗೆ ಬಿದ್ದೀತೆಂಬ ಭರವಸೆ ಯಾರಿಗೂ ಇರಲಿಲ್ಲ. ಊರಿಗೆ ಬಂದ ಗಾಯಕ ಹೊರಟುಹೋದರೆ ಹಾಡೂ ಅವನೊಂದಿಗೆ ಹೋಯಿತು. ‘ಮತ್ತೊಮ್ಮೆ’ ಎಂಬುದು ಹಟವಲ್ಲ, ಹಸಿವು. ಟೊಸ್ಕನೀನಿ ಎದ್ದು ನಡೆಯುವ ಒಂದು ವರ್ಷ ಮೊದಲು, 1902ರಲ್ಲಿ, ಅದೇ ಊರಿನ ಹೋಟೆಲ್ ಕೋಣೆಯೊಂದರಲ್ಲಿ ಎನ್ರಿಕೊ ಕರೂಸೊ ಗ್ರಾಮಫೋನಿಗೆ ಹಾಡಿದ್ದ. ಬೇಕೆಂದಾಗ ಮುಳ್ಳನ್ನು ಹಿಂದಿಟ್ಟು ಕೇಳಬಹುದಾದ ಕಾಲ ಬಂತು. ಆಮೇಲೆ ಮರುಹಾಡಿನ ಬೇಡಿಕೆ ಸಾಯಬೇಕಿತ್ತಲ್ಲವೇ? ಸಾಯಲಿಲ್ಲ, ರೂಪ ಬದಲಿಸಿತು. ಅದೇ ಹಾಡು ಮತ್ತೆ ಬೇಕು ಎನ್ನುತ್ತಿದ್ದವರು, ಗಾಯಕನೇ ಮತ್ತೆ ಬೇಕು ಎನ್ನತೊಡಗಿದರು. ರಾಕ್ ಸಂಗೀತದ ಮಂದಿ ಅದನ್ನು ಲೆಕ್ಕಾಚಾರಕ್ಕೇ ಸೇರಿಸಿಕೊಂಡರು: ಜನಪ್ರಿಯ ಹಾಡೊಂದನ್ನು ಉಳಿಸಿಕೊಂಡು ಒಳಗೆ ಹೋಗುವುದು, ಚಪ್ಪಾಳೆಗೆ ಕಾದು ಹೊರಬರುವುದು. ಇಬ್ಬರಿಗೂ ಗೊತ್ತಿರುವ ನಾಟಕ. ಆದ್ದರಿಂದಲೇ, ದೀಪ ಹತ್ತಿ ಯಾರೂ ಬಾರದಿದ್ದಾಗ ಕೇಳುಗನಿಗೆ ಮೋಸವಾದಂತೆನಿಸುವುದು.

ನಮ್ಮ ಸಂಗೀತ ಈ ಜಗಳವನ್ನು ಬೇರೆ ಬಗೆಯಲ್ಲಿ ತೀರಿಸಿಕೊಂಡಿದೆ. ಕರ್ನಾಟಕ ಸಂಗೀತದಲ್ಲಿ ರಸಿಕರ ಕೋರಿಕೆಯ ಚೀಟಿಗಳು ಕೊನೆಯ ಘಟ್ಟದಲ್ಲಿ ವೇದಿಕೆಗೆ ಬರುತ್ತವೆ. ದೇವರನಾಮ, ಜಾವಳಿ, ತಿಲ್ಲಾನ ಆದ ಮೇಲೆ ಮಂಗಳ. ಅದನ್ನು ಹಾಡಿದ ಮೇಲೆ ಎಂಥ ಅಭಿಮಾನಿಯೂ ಇನ್ನೊಂದು ಎನ್ನುವುದಿಲ್ಲ. ಧಾರವಾಡದ ಕಡೆಯ ಬೈಠಕ್‌ಗಳಲ್ಲಿ ಭೈರವಿಗೆ ಅದೇ ಗೌರವ. ಕೋರಿಕೆ ಮುಕ್ತಾಯಕ್ಕೆ ಮೊದಲೇ ಬಂದುಹೋಗುವುದರಿಂದ ಮುಕ್ತಾಯದ ಬಗ್ಗೆ ತಕರಾರಿಲ್ಲ.

ಬೀಟಲ್ಸ್ ತಂಡ ಅಮೆರಿಕದ ಪ್ರವಾಸಗಳಲ್ಲಿ ಅರ್ಧ ಗಂಟೆ ಹಾಡಿ ಮಾಯವಾಗುತ್ತಿತ್ತು. ಸಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ 1966ರ ಆಗಸ್ಟ್ 29ರಂದೂ ಹಾಗೆಯೇ: ಹನ್ನೊಂದು ಹಾಡು, ಮರುಹಾಡಿಲ್ಲ, ಕಾದು ನಿಂತ ಉಕ್ಕಿನ ಕವಚದ ವಾಹನ. 42,500 ಜನ ಹಿಡಿಸುವಲ್ಲಿ ಸುಮಾರು 25,000 ಟಿಕೆಟ್ ಮಾತ್ರ ಮಾರಾಟವಾಗಿದ್ದವು. ಅದು ಅವರ ಕೊನೆಯ ಸಂಗೀತ ಪ್ರವಾಸದ ಕೊನೆಯ ಕಛೇರಿ ಎಂಬುದು ನೆರೆದವರಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಬೇಲಿ ಉಳಿಯುತ್ತಿತ್ತೇ? ಪತ್ರಿಕಾ ಸಹಾಯಕ ಟೋನಿ ಬ್ಯಾರೊ ಅದನ್ನು ಪುಟ್ಟ ಕ್ಯಾಸೆಟ್‌ನಲ್ಲಿ ಮುದ್ರಿಸಿಕೊಳ್ಳುತ್ತಿದ್ದ. ಅರ್ಧ ಗಂಟೆಯ ಬದಿ ತುಂಬಿ, ಕೊನೆಯ ಹಾಡಿನ ನಡುವೆಯೇ ಟೇಪು ಮುಗಿದುಹೋಯಿತು.

ಎಲ್ಲ ಕಡೆ ಜನ ಸುಮ್ಮನೆ ಮನೆಗೆ ಹೋಗಲಿಲ್ಲ. 1985ರ ಮಾರ್ಚ್ 15ರಂದು ಉತ್ತರ ಲಂಡನ್ ಪಾಲಿಟೆಕ್ನಿಕ್‌ನಲ್ಲಿ ‘ಜೀಸಸ್ ಅಂಡ್ ಮೇರಿ ಚೈನ್’ ತಂಡ ತಡವಾಗಿ ಬಂದು ಇಪ್ಪತ್ತು ನಿಮಿಷದೊಳಗೆ ಮುಗಿಸಿ ನಡೆದಾಗ, ಪ್ರೇಕ್ಷಕರು ವೇದಿಕೆಗೆ ನುಗ್ಗಿ ಸಲಕರಣೆಗಳನ್ನು ಒಡೆದು ಹಾಕಿದರು. ಮರುದಿನ ಆ ತಂಡದ ಹೆಸರು ಇನ್ನಷ್ಟು ದೊಡ್ಡದಾಯಿತು.

ಗಾಯಕನಿಗೂ ಕೇಳುಗನಿಗೂ ಬೇಕಿದ್ದು, ಮೂರನೆಯವನಿಗೆ ಬೇಡವಾದ ಪ್ರಸಂಗವೂ ಇದೆ. 2012ರ ಜುಲೈ 14ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮೂರು ಗಂಟೆಗೂ ಮೀರಿ ಹಾಡಿದ ಮೇಲೆ ಮರುಹಾಡಿಗೆ ಜೊತೆಯಾಗಿ ಪಾಲ್ ಮೆಕಾರ್ಟ್ನಿಯನ್ನು ಕರೆತಂದ. ಮರುಹಾಡನ್ನೇ ಹಾಡದ ಬೀಟಲ್ಸ್‌ನ ಅದೇ ಮೆಕಾರ್ಟ್ನಿ! ‘ಟ್ವಿಸ್ಟ್ ಅಂಡ್ ಶೌಟ್’ ಮುಗಿಸುವಷ್ಟರಲ್ಲಿ ಗಡುವಾದ ಹತ್ತೂವರೆ ದಾಟಿತ್ತು. ಸುತ್ತಲಿನ ನಿವಾಸಿಗಳ ನಿದ್ದೆಗಾಗಿ ಮಾಡಿದ್ದ ನಿಯಮ. ಸಂಘಟಕರು ಧ್ವನಿ ಕಡಿದರು. ಇಬ್ಬರೂ ಜನಕ್ಕೆ ಹೇಳಹೊರಟ ವಂದನೆ ಮೈಕಿನಾಚೆ ಹೋಗಲಿಲ್ಲ. ಬೈಗುಳ, ನಗೆಚಾಟಿಕೆ, ಲಂಡನ್ ಮೇಯರನ ಬೇಸರ ಎಲ್ಲವೂ ಪತ್ರಿಕೆಗಳಲ್ಲಿ ಬಂದವು. ಮೂರು ದಿನಗಳ ನಂತರ ಡಬ್ಲಿನ್‌ನಲ್ಲಿ ಸ್ಪ್ರಿಂಗ್‌ಸ್ಟೀನ್ ವೇದಿಕೆಗೆ ಬಂದಾಗ ಅಲ್ಲೊಂದು ದೊಡ್ಡ ವಿದ್ಯುತ್ ಸ್ವಿಚ್ ಇತ್ತು. ಅದನ್ನು ಒತ್ತಿಸಿ, ಲಂಡನ್ನಿನಲ್ಲಿ ಕಡಿದುಹೋಗಿದ್ದ ಹಾಡಿನ ಬಾಲದಿಂದಲೇ ಅಂದಿನ ಕಛೇರಿಯನ್ನು ಆರಂಭಿಸಿದ.