ಬಟನ್‌ಗೆ ಆಟ ಗೊತ್ತಿರಬೇಕಾ? (ಕೋಡ್ ಕಥೆ, ಭಾಗ 4)

ಮಿನಿ ಪ್ರಾಜೆಕ್ಟ್‌ಗೆ ಚೌಕಾಬಾರ ಗೇಮ್ ಮಾಡ್ತಿರೋ ಗೆಳೆಯರೇ, ಒಂದು ಕೆಲಸ ಮಾಡಿ. ನಿಮ್ಮ ‘ಕವಡೆ ಹಾಕು’ ಬಟನ್‌ನ ಪಟಪಟ ಅಂತ ಎರಡು ಸಲ ಒತ್ತಿ. ಎರಡು ಸಲ ಕವಡೆ ಬಿತ್ತಾ? ಹಾಗಾದ್ರೆ ನಿಮ್ಮ ಗೇಮ್‌ನಲ್ಲಿ ಬೆರಳು ಚುರುಕಿದ್ದವನು ಪಕ್ಕದವನ ಸರದಿ ಕದೀಬಹುದು. ಈ ತೊಂದರೆ ನಿಮ್ಮೊಬ್ಬರದ್ದಲ್ಲ, ಇದಕ್ಕೊಂದು ಇತಿಹಾಸ ಇದೆ.

ಮೊದಲು ನೆಲದ ಮೇಲಿನ ಆಟ ನೋಡಿ. ಐದೈದರಂತೆ 25 ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ರೆ ಚೌಕ, ಅಂದ್ರೆ 4. ನಾಲ್ಕೂ ಬೋರಲು ಬಿದ್ರೆ ಬಾರ, ಅಂದ್ರೆ 8. ಎರಡಕ್ಕೂ ಇನ್ನೊಂದು ಸಲ ಹಾಕೋ ಅವಕಾಶ. ನಮ್ಮ ಸುಬ್ರಹ್ಮಣ್ಯಪುರದ ಅಜ್ಜಿಯರನ್ನ ಕೇಳಿ: ಸೀಮೆಸುಣ್ಣ ಇಲ್ಲದಿದ್ರೆ ಇದ್ದಿಲಲ್ಲಿ ಗೀಚ್ತಿದ್ರು, ಕವಡೆ ಇಲ್ಲದಿದ್ರೆ ಹುಣಸೆಬೀಜದ ಒಂದು ಬದಿ ಉಜ್ಜಿ ಬಿಳಿ ಮಾಡ್ಕೋತಿದ್ರು. ಮನೆ ಗೀಚಿದ್ದು ಯಾವುದರಲ್ಲಾದರೂ ಆಟ ಅದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಕಾಲದ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗ ‘ಕೌತುಕನಿಧಿ’ಯಲ್ಲಿ ಆಟಗಳಿಗೆ ಜಾಗ ಸಿಕ್ಕಿದೆ. ಅರಮನೆಯ ಹಲಗೆ ಬೇರೆ, ಅಂಗಳದ ಗೀಟು ಬೇರೆ. ಆಟ ನಿಂತಿರೋದು ನಿಯಮದ ಮೇಲೆ.

ಇದೇ ಮಾತು ಕಂಪ್ಯೂಟರಿಗೆ ಬಂದದ್ದು 1979ರಲ್ಲಿ. ನಾರ್ವೆಯ ಟ್ರಿಗ್ವೆ ರೀನ್ಸ್‌ಕಾಗ್, ಹಡಗುಕಟ್ಟೆಗಳಿಗೆ ಸಾಫ್ಟ್‌ವೇರ್ ಬರೆದಿದ್ದ ಮನುಷ್ಯ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಲ್ಯಾಬ್‌ಗೆ ಹೋಗಿದ್ದಾಗ ಚಿಕ್ಕ ಟಿಪ್ಪಣಿಗಳನ್ನ ಬರೆದ. ವಿಷಯವನ್ನ ತಿಳಿದಿರೋದು ಮಾಡೆಲ್, ಅದನ್ನ ತೋರಿಸೋದು ವ್ಯೂ, ಬಳಸೋರ ಕೈಯಿಂದ ಬಂದದ್ದನ್ನ ಮುಟ್ಟಿಸೋದು ಕಂಟ್ರೋಲರ್. ನೀವು ಸಿಲಬಸ್‌ನಲ್ಲಿ ಉರು ಹೊಡೆಯೋ ಎಂವಿಸಿ ಇದೇ.

ಹಾಗಾದ್ರೆ ಕೆಟ್ಟಿದ್ದೆಲ್ಲಿ? ನನ್ನ ಪ್ರಕಾರ, ಅನುಕೂಲದಿಂದಲೇ. 1991ರಲ್ಲಿ ಮೈಕ್ರೋಸಾಫ್ಟ್ ವಿಶುವಲ್ ಬೇಸಿಕ್ ತಂತು. ಫಾರ್ಮ್ ಮೇಲೆ ಬಟನ್ ಎಳೆದು ಇಡಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ‘ಕಮಾಂಡ್1_ಕ್ಲಿಕ್’ ಅಂತ ಖಾಲಿ ಜಾಗ ತೆರೆಯುತ್ತೆ. ಅಲ್ಲೇ ಬರೆದುಬಿಡಿ! ಎಂಥ ಖುಷಿ ಗುರೂ ಅದು. ಬೆಂಗಳೂರಿನ ಟ್ರೈನಿಂಗ್ ಸೆಂಟರ್‌ಗಳಲ್ಲಿ ವಿಬಿ 6 ಕಲಿತು ಕೆಲಸಕ್ಕೆ ಸೇರಿದ ಒಂದು ತಲೆಮಾರೇ ಇದೆ, ಅವರನ್ನ ನಗಬೇಡಿ. ಆದ್ರೆ ಆ ಖಾಲಿ ಜಾಗದೊಳಗೆ ಲೆಕ್ಕ, ನಿಯಮ, ಬಣ್ಣ, ಸದ್ದು ಎಲ್ಲಾ ಸೇರ್ಕೊಂಡು ಬಟನ್ನೇ ಆಟದ ಯಜಮಾನ ಆಗಿಬಿಡ್ತು. ಈಗ ನಾವು ಬರೆಯೋ ‘ಆನ್‌ಕ್ಲಿಕ್’ ಒಳಗೂ ಅದೇ ಸಂತೆ.

ಇದರ ಪೆಟ್ಟು ಯಾರಿಗೆ ಬೀಳುತ್ತೆ ನೋಡಿ. ‘ಬಟನ್ ಬೂದು ಬಣ್ಣ ಇದ್ರೆ ಸರದಿ ಮುಗಿದಿದೆ’ ಅಂತ ಕೋಡ್ ಬರೆದ್ರಿ ಅನ್ಕೊಳ್ಳಿ. ಕಣ್ಣು ಕಾಣದ ಗೆಳತಿಗೆ ಟಾಕ್‌ಬ್ಯಾಕ್ ಆ ಬೂದು ಬಣ್ಣವನ್ನ ಓದಿ ಹೇಳಲ್ಲ. ಬಟನ್‌ನ ‘ಡಿಸೇಬಲ್ಡ್’ ಅಂತ ಗುರುತು ಮಾಡಿದ್ರೆ ಹೇಳುತ್ತೆ. ಕೆಂಪು-ಹಸಿರು ಬೇರೆ ಮಾಡೋಕಾಗದ ಹುಡುಗನಿಗೆ ತನ್ನ ಕಾಯಿ ಯಾವುದು ಅಂತಲೇ ತಿಳಿಯಲ್ಲ. ಸರದಿ ಯಾರದ್ದು ಅನ್ನೋ ಸತ್ಯ ಬಣ್ಣದಲ್ಲಿ ಇರಬಾರದು, ಆಟದಲ್ಲಿ ಇರಬೇಕು.

ಹೀಗೆ ಬಿಡಿಸಿ: ಬಟನ್ ‘ನನ್ನನ್ನ ಒತ್ತಿದ್ರು’ ಅಂತ ಮಾತ್ರ ಹೇಳಲಿ. ‘ಆಟ’ ಅನ್ನೋ ಕ್ಲಾಸ್ ‘ಈಗ ಕವಡೆ ಹಾಕಬಹುದಾ?’ ಅಂತ ತನ್ನನ್ನೇ ಕೇಳ್ಕೊಳ್ಳಲಿ. ಇಲ್ಲ ಅಂದ್ರೆ ಸುಮ್ಮನಿರಲಿ. ಹಾಕಿದ ಕೂಡಲೇ ಸ್ಥಿತಿಯನ್ನ ‘ಕಾಯಿ ನಡೆಸಬೇಕು’ ಅಂತ ಬದಲಿಸಲಿ. ಆಗ ಎರಡನೇ ಒತ್ತು ತಾನಾಗೇ ವ್ಯರ್ಥ. ಚೌಕ ಬಿದ್ರೆ, ಬಾರ ಬಿದ್ರೆ ಮತ್ತೆ ಹಾಕೋ ನಿಯಮವೂ ಆ ಕ್ಲಾಸ್‌ನಲ್ಲೇ, ಒಂದೇ ಕಡೆ. ಪರದೆ ಸ್ಥಿತಿಯನ್ನ ಓದಿ ಬಣ್ಣ ಹಚ್ಚುತ್ತೆ, ಹೆಸರು ಹೇಳುತ್ತೆ, ಅಷ್ಟೇ. ಬಟನ್ ತೆಗೆದು ಫೋನ್ ಅಲ್ಲಾಡಿಸಿದ್ರೆ ಕವಡೆ ಬೀಳೋ ಹಾಗೆ ಮಾಡ್ತೀರಾ? ಮಾಡಿ, ನಿಯಮದ ಒಂದು ಸಾಲೂ ಮುಟ್ಟಬೇಕಿಲ್ಲ.

ಮುಂದಿನ ಭಾಗ ‘ಅನ್‌ಡೂ’ ಬಗ್ಗೆ. ಕವಡೆ ಬಿದ್ದ ಮೇಲೆ ಅನ್‌ಡೂ ಕೇಳೋರು ಯಾರು ಅಂತ ನಿಮಗೂ ಗೊತ್ತು, ಕೆಳಗೆ ಟ್ಯಾಗ್ ಮಾಡಿ.