ಅಜ್ಜಿಯ ಹೆಸರು

ಮಹಾಲಯ ಅಮಾವಾಸ್ಯೆಯ ಬೆಳಗ್ಗೆ. ಎದುರಿಗೆ ಹರಿವಾಣ, ಕರಿ ಎಳ್ಳು, ತಂಬಿಗೆಯಲ್ಲಿ ನೀರು; ಬಲಗೈಯ ಉಂಗುರಬೆರಳಿಗೆ ದರ್ಭೆಯ ಪವಿತ್ರ. ಕಳೆದ ವರ್ಷದವರೆಗೆ ಅಪ್ಪ ಕೂರುತ್ತಿದ್ದ ಮಣೆಯ ಮೇಲೆ ಈಗ ಮಗ ಕೂತಿದ್ದಾನೆ. ವಯಸ್ಸು ಐವತ್ತರ ಹತ್ತಿರ. ಅಪ್ಪನ ಹೆಸರಾಯಿತು, ಅಜ್ಜನದಾಯಿತು, ಮುತ್ತಜ್ಜನದಾಯಿತು. ತಾಯಿಯ ಕಡೆಗೆ ಬಂದಾಗ ಪುರೋಹಿತರು ಕೇಳಿದರು: “ಮಾತಾಮಹಿಯ ಹೆಸರು?”

“ಅಜ್ಜಿ...” ಎಂದವನು ಅಲ್ಲಿಗೇ ನಿಂತ.

“ಅಜ್ಜಿ ಎಲ್ಲರ ಮನೆಯಲ್ಲೂ ಇರ್ತಾರಪ್ಪಾ. ಹೆಸರು ಹೇಳು.”

ಮೂರನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಆ ಅಜ್ಜಿಯ ಕೈಯಡುಗೆ ಉಂಡವನು, ಅವರ ಸೆರಗಿಗೆ ಕೈ ಒರೆಸಿದವನು. ಅವರ ಸೀರೆಯ ವಾಸನೆ ಗೊತ್ತು, ಕೆಮ್ಮಿನ ಸದ್ದು ಗೊತ್ತು, ಸಂಜೆ ದೀಪ ಹಚ್ಚುವಾಗ ಯಾವ ದೇವರ ಹೆಸರು ಮೊದಲು ಬರುತ್ತಿತ್ತು ಎಂಬುದೂ ಗೊತ್ತು. ಅವರ ಹೆಸರು ಮಾತ್ರ ಗೊತ್ತಿಲ್ಲ. ಹೆಂಡತಿ ದೂರದಿಂದಲೇ ಫೋನು ಹಿಡಿದು ಚಿಕ್ಕಮ್ಮನಿಗೆ ಕರೆ ಮಾಡಿದಳು.

ಚಿಕ್ಕಮ್ಮ ಫೋನು ಎತ್ತುವುದರೊಳಗೆ, ಅವನ ಬಾಯಿಗೆ ಹೆಸರಿನ ಬದಲು ಬಂದ ಆ ಒಂದು ಪದವನ್ನು ನೋಡಬೇಕು. ‘ಅಜ್ಜಿ’ ಮೂಲದಲ್ಲಿ ಮುದುಕಿ ಎಂಬ ಅರ್ಥದ ಪದವಲ್ಲ. ಸಂಸ್ಕೃತದ ‘ಆರ್ಯ’ ಪ್ರಾಕೃತದ ಬಾಯಲ್ಲಿ ‘ಅಜ್ಜ’ ಆಯಿತು. ಹಳೆಯ ಸಂಸ್ಕೃತ ನಾಟಕಗಳಲ್ಲಿ ಪ್ರಾಕೃತ ಮಾತಾಡುವ ಹೆಂಗಸರು ಗಂಡನನ್ನು ‘ಅಜ್ಜಉತ್ತ’ ಎನ್ನುತ್ತಾರೆ, ಅಂದರೆ ಆರ್ಯಪುತ್ರ. ಮಾನ್ಯರು, ಪೂಜ್ಯರು ಎಂಬುದೇ ಆ ಪದದ ತಿರುಳು. ಮರಾಠಿಯ ‘ಆಜಿ’ಯೂ ಇದೇ ಬಳ್ಳಿಯ ಕಾಯಿ. ಕನ್ನಡದ ‘ಅಯ್ಯ’ನೂ ‘ಅಜ್ಜ’ನೂ ಒಂದೇ ಬೇರಿನ ಅಣ್ಣತಮ್ಮಂದಿರು ಎನ್ನುವವರೂ ಇದ್ದಾರೆ.

ಜೈನ ಸಂನ್ಯಾಸಿನಿಯರನ್ನು ಇಂದಿಗೂ ‘ಆರ್ಯಿಕೆ’ ಎನ್ನುತ್ತಾರೆ. ಮೂಲ ಅದೇ. ಮನೆ ಬಿಟ್ಟು ಹೋದವಳಿಗೆ ಸಂಸ್ಕೃತದ ರೂಪ ಸಿಕ್ಕಿತು, ಮನೆಯನ್ನೇ ಹೊತ್ತು ನಿಂತವಳಿಗೆ ಪ್ರಾಕೃತದ್ದು.

ಮುಂದೆ ‘ಅಜ್ಜ’ನಿಗೆ ದಕ್ಕಿದ ಬಡ್ತಿ ‘ಅಜ್ಜಿ’ಗೆ ಅಷ್ಟು ಸುಲಭವಾಗಿ ದಕ್ಕಲಿಲ್ಲ. ಉತ್ತರ ಕರ್ನಾಟಕದಲ್ಲಿ ಮಠದ ಸ್ವಾಮಿಗಳು ಜನರ ಬಾಯಲ್ಲಿ ‘ಅಜ್ಜಾರು’. ಹುಬ್ಬಳ್ಳಿಯ ಸಿದ್ಧಾರೂಢರು ಭಕ್ತರಿಗೆ ‘ಅಜ್ಜ’. ತುಳುನಾಡಿನಲ್ಲಿ ಕೊರಗಜ್ಜನಿಗೆ ಕೈಮುಗಿಯದವರು ಕಡಿಮೆ. ಅಜ್ಜ ಗದ್ದಿಗೆ ಏರಿದ, ಅಜ್ಜಿ ಒಲೆಯ ಮುಂದೆ ಉಳಿದಳು. ಹಾಗೆಂದು ದೇವತೆಯ ಪಟ್ಟ ಪೂರ್ತಿ ತಪ್ಪಿತೆನ್ನುವಂತೆಯೂ ಇಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ಆಷಾಢದಲ್ಲಿ ‘ಅಜ್ಜಿ ಹಬ್ಬ’ ಮಾಡುತ್ತಾರೆ. ಹೋಳಿಗೆ ಬೇಯಿಸಿ, ಬೇವಿನ ಸೊಪ್ಪಿನ ಜೊತೆ ಮೊರದಲ್ಲಿಟ್ಟು, ರೋಗರುಜಿನ ಊರೊಳಗೆ ಬಾರದಿರಲಿ ಎಂದು ಬೇಡಿಕೊಂಡು ಊರಾಚೆ ಇಟ್ಟು ಬರುತ್ತಾರೆ. ಆ ಅಜ್ಜಿಗೂ ಬೇರೆ ಹೆಸರು ಬೇಕೆಂದು ಯಾರಿಗೂ ಅನ್ನಿಸಿಲ್ಲ.

ಕತೆಗಳಲ್ಲೂ ಹೀಗೇ. ರಾಜಕುಮಾರ ದೇಶಾಂತರ ಹೊರಟರೆ ಕತ್ತಲಾಗುವ ಹೊತ್ತಿಗೆ ತಲುಪುವುದು ಅಡುಗೂಲಜ್ಜಿಯ ಮನೆಯನ್ನು. ಅಡುಗೂಲಿ ಎಂದರೆ ಅಡುಗೆ ಮಾಡಿ ಹಾಕಿದ್ದಕ್ಕೆ ಪಡೆಯುವ ಕೂಲಿ. ಹೋಟೆಲು, ಲಾಡ್ಜು ಇಲ್ಲದ ಕಾಲದಲ್ಲಿ ದಾರಿಹೋಕರಿಗೆ ಬೇಯಿಸಿ ಹಾಕಿ ಬದುಕಿದ ಹೆಂಗಸು ಅವಳು. ಊರಿನ ಸುದ್ದಿಯೆಲ್ಲ ಅವಳಿಗೆ ಗೊತ್ತು. ರಾಕ್ಷಸನ ಪ್ರಾಣ ಎಲ್ಲಿದೆ ಎಂಬ ಗುಟ್ಟೂ ಅವಳ ಬಳಿಯೇ ಇರುತ್ತದೆ. ‘ಅಡುಗೂಲಜ್ಜಿ ಕತೆ’ ಎಂದು ಇವತ್ತು ಜನ ಹಗುರವಾಗಿ ಆಡುವುದು ದುಡಿದು ಉಂಡ ಒಬ್ಬ ಹೆಂಗಸಿಗೆ ಮಾಡುವ ಅನ್ಯಾಯ.

ಕನ್ನಡ ಎಲ್ಲ ಕಡೆ ಅಜ್ಜಿಯನ್ನು ಅಜ್ಜಿ ಎಂದೇ ಕರೆಯುವುದಿಲ್ಲ. ಕುಂದಾಪುರದಲ್ಲಿ ತಾಯಿಯ ತಾಯಿ ‘ಅಮ್ಮಮ್ಮ’. ವಿಜಯಪುರ, ಕಲಬುರಗಿ ಕಡೆ ಅಜ್ಜ ‘ಮುತ್ಯಾ’, ಅಜ್ಜಿ ಹಲವು ಮನೆಗಳಲ್ಲಿ ‘ಆಯಿ’. ಉತ್ತರ ಕನ್ನಡದಲ್ಲಿ ಅದೇ ‘ಆಯಿ’ ತಾಯಿ. ಕೊಡವ ಮನೆಗಳಲ್ಲಿ ತಾಯಿಯನ್ನು ‘ಅವ್ವ’ ಎಂದು, ಅಜ್ಜಿಯನ್ನು ‘ತಾಯಿ’ ಎಂದು ಕರೆಯುತ್ತಾರೆ.

ಪದ ಅವಳ ಹೆಸರನ್ನು ಕಿತ್ತುಕೊಂಡಿತು, ನಿಜ. ಬದಲಿಗೆ ಒಂದು ಮನೆಯನ್ನೇ ಅವಳ ಹೆಸರಿಗೆ ಬರೆದುಕೊಟ್ಟಿತು: ಅಜ್ಜಿಮನೆ. ಪಹಣಿಯಲ್ಲಿ ಇರುವುದು ಅಜ್ಜನ ಹೆಸರು, ಕಂದಾಯ ಕಟ್ಟುವವರು ಸೋದರಮಾವ. ಆದರೂ ಬೇಸಿಗೆ ರಜೆಗೆ ಮಕ್ಕಳು ಹೊರಡುವುದು ಅಜ್ಜಿಮನೆಗೆ. ಕರಾವಳಿಯ, ಮಲೆನಾಡಿನ ಕೆಲವು ಕಡೆ ‘ಅಜ್ಜನಮನೆ’ ಎನ್ನುವುದುಂಟು. ಅಲ್ಲಿಯೂ ಗೇಟಿನ ಸದ್ದಿಗೆ ಕಾದು ಕೂತಿರುತ್ತಿದ್ದವಳು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಇವನ ಅಜ್ಜಿಮನೆಯಲ್ಲಿ ಚಾತುರ್ಮಾಸ್ಯದ ವ್ರತ ತಪ್ಪುತ್ತಿರಲಿಲ್ಲ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆಕಾಳಿಲ್ಲ. ವ್ರತ ಅಜ್ಜಿಗೆ, ಮೊಮ್ಮಕ್ಕಳಿಗಲ್ಲ. ದಧಿವ್ರತದ ತಿಂಗಳಲ್ಲಿ ತಾವು ಮೊಸರು ಮುಟ್ಟದವರು ಪ್ರತಿ ರಾತ್ರಿ ಹಾಲಿನ ಬಿಸಿಯನ್ನು ಬೆರಳಲ್ಲಿ ನೋಡಿ ಮಕ್ಕಳಿಗಾಗಿ ಹೆಪ್ಪು ಹಾಕುತ್ತಿದ್ದರು. ಬೆಳಗ್ಗೆ ಮೊಸರು ಗಟ್ಟಿಯಾಗಿದೆಯೇ ಎಂದು ಮೊಮ್ಮಗನ ಮುಖ ನೋಡಿಯೇ ತಿಳಿಯಬೇಕಿತ್ತು, ರುಚಿ ನೋಡುವಂತಿರಲಿಲ್ಲ. ‘ಅಜ್ಜಿ ಇಲ್ಲದ ಮನೆ, ಮಜ್ಜಿಗೆ ಇಲ್ಲದ ಊಟ’ ಎಂಬ ಗಾದೆಯನ್ನು ಪ್ರಾಸಕ್ಕಾಗಿ ಕಟ್ಟಿದ್ದೆಂದು ತಿಳಿದವರು ಇಂಥ ಅಡುಗೆಮನೆಯನ್ನು ಕಂಡಿರಲಾರರು.

ಮಧ್ಯಾಹ್ನ ಬತ್ತಿ. ಬಿಡಿಸಿದ ಹತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳಿಗೆ ಚೂರು ವಿಭೂತಿ ಸವರಿ, ಎಳೆ ಎಳೆಯಾಗಿ ಹೊಸೆಯುತ್ತಿದ್ದರು. ಲಕ್ಷಬತ್ತಿಯ ಸಂಕಲ್ಪ. ಒಂದು ಲಕ್ಷ ಎಣಿಸಲು ಅಜ್ಜಿಗೆ ಕಾಗದ ಬೇಡ. ನೂರಕ್ಕೊಂದು ಹುಣಿಸೆಬೀಜ ಡಬ್ಬಿಗೆ ಬೀಳುತ್ತಿತ್ತು. ಕಣ್ಣಿಗೆ ಪೊರೆ ಬಂದ ಮೇಲೂ ಆ ಕೈ ನಿಲ್ಲಲಿಲ್ಲ. ತೊಂಬತ್ತು ದಾಟಿದ ಮೇಲೆ ಮಕ್ಕಳ ಹೆಸರು ಒಂದಕ್ಕೊಂದು ಬೆರೆತುಹೋದವು, ಬತ್ತಿಯ ಎಣಿಕೆ ತಪ್ಪಲಿಲ್ಲ.

‘ಅಜ್ಜಿ ಸಾಕಿದ ಮಗ ಬೊಜ್ಜಕ್ಕೂ ಬಾರದು’ ಎಂಬ ಗಾದೆಯೂ ಇದೆ. ಬೊಜ್ಜ ಎಂದರೆ ಉತ್ತರಕ್ರಿಯೆ. ಅತಿ ಮುದ್ದಿನಿಂದ ಕೆಟ್ಟ ಹುಡುಗರನ್ನು ಕುರಿತು ಹುಟ್ಟಿದ ಮಾತು. ಮಣೆಯ ಮೇಲೆ ಹೆಸರಿಗಾಗಿ ತಡಕಾಡುವವನಿಗೆ ಅದು ಚುಚ್ಚದೆ ಇರದು.

ಆದರೆ ತಪ್ಪು ಅವನೊಬ್ಬನದೇ ಅಲ್ಲ. ಕೆಲವು ಸಮುದಾಯಗಳಲ್ಲಿ ಮದುವೆಯ ದಿನವೇ ಹುಡುಗಿಯ ಹೆಸರು ಬದಲಾಗುತ್ತಿತ್ತು. ಹೊಸ ಹೆಸರು ರೂಢಿಯಾಗುವುದರೊಳಗೆ ಆಕೆ ಇಂಥವರ ಹೆಂಡತಿ, ಆಮೇಲೆ ಇಂಥವನ ಅಮ್ಮ, ಕೊನೆಗೆ ಊರಿಗೆಲ್ಲ ಅಜ್ಜಿ. ಶಿವರಾಮ ಕಾರಂತರು 1968ರಲ್ಲಿ ಬರೆದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಮೂಕಜ್ಜಿಯ ನಿಜವಾದ ಹೆಸರು ಮೂಕಾಂಬಿಕೆ. ಕಾರಂತರಿಗೆ 1977ರ ಜ್ಞಾನಪೀಠ ತಂದುಕೊಟ್ಟ ಕೃತಿ ಅದು. ಎಷ್ಟು ಓದುಗರಿಗೆ ಆ ಹೆಸರು ನೆನಪಿದೆ? ಬಾಲವಿಧವೆಯಾದ ಮೂಕಜ್ಜಿಗೆ ಹೊಟ್ಟೆಯ ಮಕ್ಕಳಿಲ್ಲ. ಆದರೂ ಕನ್ನಡದ ದೊಡ್ಡ ಅಜ್ಜಿ ಅವಳೇ.

ಹೆಸರು ಉಳಿಸಿದ ಮೊಮ್ಮಗಳೂ ಇದ್ದಾಳೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ವಿದ್ಯೆ ತಮಗೆ ಬಂದದ್ದು ಅಜ್ಜಿ ಮರಿಗೆಮ್ಮನಿಂದ ಎಂದು ಅವರು ಹೇಳುತ್ತಿದ್ದರು. ಯಾವ ಪ್ರಶಸ್ತಿಯ ಪಟ್ಟಿಯಲ್ಲೂ ಇಲ್ಲದ ಮರಿಗೆಮ್ಮನ ಹೆಸರು ನರಸಮ್ಮನ ಬದುಕಿನ ಕತೆಯ ಜೊತೆಗೆ ಅಚ್ಚಾಗಿ ಉಳಿದಿದೆ.

ಚಿಕ್ಕಮ್ಮ ಫೋನೆತ್ತಿದರು. ಹೆಸರು ಹೇಳಿದರು. ತವರಿನಲ್ಲಿ ಇಟ್ಟದ್ದೊಂದು, ಧಾರೆಯ ದಿನ ಇಟ್ಟದ್ದೊಂದು, ಎರಡನ್ನೂ. “ನೀನೇ ಬರೆದಿದ್ಯಲ್ಲೋ,” ಎಂದರು ಆಮೇಲೆ. “ನಿನ್ನ ಮಗಳ ನಾಮಕರಣದಲ್ಲಿ, ತಟ್ಟೆಯ ಅಕ್ಕಿ ಮೇಲೆ, ಉಂಗುರ ಹಿಡ್ಕೊಂಡು. ಮೂರನೇ ಹೆಸರು ಅಜ್ಜಿದೇ ಅಲ್ವೇನೋ?”

ಹೌದು. ಆ ಅಕ್ಕಿಯನ್ನು ಮರುದಿನ ಪಾಯಸಕ್ಕೆ ಹಾಕಿದ್ದರು. ಮಗಳು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಪುರೋಹಿತರು ನೀರು ಹಾಕಿದರು. ಅವನು ಹೆಸರು ಹೇಳಿದ; ಹೆಬ್ಬೆರಳು, ತೋರುಬೆರಳ ನಡುವಿನಿಂದ ಎಳ್ಳುನೀರು ಹರಿವಾಣಕ್ಕೆ ಇಳಿಯಿತು.