ಪರದೆಯ ಹಿಂದೆ – 7: ‘ಮೋಡ್’ ಬೇಡ ಎಂದ ಮನುಷ್ಯ

ಇವತ್ತು ನೀವು ಎಷ್ಟು ಸಲ ಕಾಪಿ-ಪೇಸ್ಟ್ ಮಾಡಿದ್ರಿ? ಲೆಕ್ಕ ಇಟ್ಟಿರಲ್ಲ ಬಿಡಿ. ಅದು ಇಷ್ಟು ಸಲೀಸಾಗಿರೋದರ ಹಿಂದೆ ಒಬ್ಬರ ಹಟ ಇದೆ. ಅವರ ಹೆಸರು ಲ್ಯಾರಿ ಟೆಸ್ಲರ್.

1970ರ ದಶಕದ ನಡುಭಾಗ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ. ಅಲ್ಲಿನ ಬರವಣಿಗೆ ತಂತ್ರಾಂಶದ ಹೆಸರು ‘ಬ್ರಾವೊ’. ಅದರಲ್ಲಿ ಎರಡು ಸ್ಥಿತಿ, ಅಂದ್ರೆ ಮೋಡ್. ಒಂದರಲ್ಲಿ ಕೀ ಒತ್ತಿದರೆ ಅಕ್ಷರ ಮೂಡುತ್ತೆ, ಇನ್ನೊಂದರಲ್ಲಿ ಅದೇ ಕೀ ಆಜ್ಞೆಯಾಗುತ್ತೆ. ಆಜ್ಞೆಯ ಮೋಡ್‌ನಲ್ಲಿ ಇದ್ದೀವಿ ಅನ್ನೋದು ಮರೆತು ಇಂಗ್ಲಿಷಿನಲ್ಲಿ ‘ಎಡಿಟ್’ ಅಂತ ಟೈಪ್ ಮಾಡಿದರೆ ಮುಗೀತು. ‘ಇ’ ಇಡೀ ಬರಹವನ್ನು ಆಯ್ಕೆ ಮಾಡ್ತಿತ್ತು, ‘ಡಿ’ ಅಳಿಸ್ತಿತ್ತು, ‘ಐ’ ಅಕ್ಷರ ಸೇರಿಸೋ ಮೋಡ್‌ಗೆ ಕರೆದೊಯ್ತಿತ್ತು. ಖಾಲಿ ಪುಟದಲ್ಲಿ ಉಳಿಯುತ್ತಿದ್ದದ್ದು ‘ಟಿ’ ಒಂದೇ!

ಇದಕ್ಕೆ ಬೈಸಿಕೊಳ್ಳೋರು ಯಾರು? ಟೈಪ್ ಮಾಡಿದವರು. ಟೆಸ್ಲರ್ ಒಪ್ಪದೇ ಇದ್ದದ್ದು ಇದನ್ನೇ. ತಪ್ಪಿರೋದು ವಿನ್ಯಾಸದಲ್ಲಿ ಅನ್ನೋದು ಅವರ ವಾದ.

ಬೋಸ್ಟನ್ ಬಳಿಯ ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಆಗ ಜೆರಾಕ್ಸ್ ಒಡೆತನದಲ್ಲಿತ್ತು. ಅಲ್ಲಿನ ಸಂಪಾದಕರಿಗಾಗಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ ಕಟ್ಟಿದರು. ಕಾಗದದ ಮೇಲೆ ಸಂಪಾದಕರು ಮಾಡ್ತಿದ್ದದ್ದೇನು? ಕತ್ತರಿಯಿಂದ ಪ್ಯಾರಾ ಕತ್ತರಿಸೋದು, ಗೋಂದು ಹಚ್ಚಿ ಬೇರೆ ಕಡೆ ಅಂಟಿಸೋದು. ಅದೇ ಪರದೆಯ ಮೇಲೂ ಬಂತು: ಮೌಸ್ ಎಳೆದು ಪಠ್ಯ ಆಯ್ಕೆ ಮಾಡಿ, ಕಟ್ ಮಾಡಿ, ಪೇಸ್ಟ್ ಮಾಡಿ. ಕೀ ಒತ್ತಿದರೆ ಯಾವಾಗಲೂ ಅಕ್ಷರವೇ.

1980ರಲ್ಲಿ ಟೆಸ್ಲರ್ ಆಪಲ್ ಸೇರಿದರು. ಅಲ್ಲಿ 1983ರ ‘ಲಿಸಾ’ ಕಂಪ್ಯೂಟರಿನಲ್ಲಿ ಕಟ್, ಕಾಪಿ, ಪೇಸ್ಟ್‌ಗೆ ಎಕ್ಸ್, ಸಿ, ವಿ ಕೀಗಳು ಬಂದವು. ಎಕ್ಸ್ ಅಂದ್ರೆ ಹೊಡೆದುಹಾಕಿದ ಗುರುತು. ವಿ? ಬಿಟ್ಟುಹೋದ ಪದ ಸೇರಿಸೋಕೆ ನಾವು ಹಾಕೋ ಹಂಸಪಾದ ಇದೆಯಲ್ಲ, ಅದನ್ನು ತಲೆಕೆಳಗು ಮಾಡಿ ನೋಡಿ!

ಟೆಸ್ಲರ್ ಕಾರಿನ ನಂಬರ್ ಪ್ಲೇಟ್ ಮೇಲೂ ‘ನೋ ಮೋಡ್ಸ್’ ಅಂತಲೇ ಇತ್ತು. 2020ರ ಫೆಬ್ರವರಿಯಲ್ಲಿ, 74ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮೋಡ್ ಮಾತ್ರ ಹೋಗಿಲ್ಲ. ಕ್ಯಾಪ್ಸ್ ಲಾಕ್ ಆನ್ ಆಗಿರೋದು ಗೊತ್ತಾಗದೆ ಪಾಸ್‌ವರ್ಡ್ ಮೂರು ಸಲ ಹೊಡೆದಿದ್ದೀರಲ್ವಾ? ಕನ್ನಡದಲ್ಲಿ ಟೈಪ್ ಮಾಡೋ ನಮಗಂತೂ ಇದು ದಿನದ ಪಾಡು. ಕನ್ನಡ ಅಂದ್ಕೊಂಡು ಇಡೀ ಸಾಲು ಹೊಡೆದು ನೋಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯಾವ ಭಾಷೆ ಆನ್ ಆಗಿದೆ ಅಂತ ಕಂಪ್ಯೂಟರ್ ಹೇಳಿರುತ್ತೆ, ಆದರೆ ಪರದೆಯ ಮೂಲೆಯಲ್ಲಿ, ಪುಟ್ಟದಾಗಿ. ನಮ್ಮ ಕಣ್ಣು ಇರೋದು ಬರೆಯೋ ಸಾಲಿನ ಮೇಲೆ. ಆ ಗುರುತು ಕರ್ಸರ್ ಪಕ್ಕದಲ್ಲೇ ಇದ್ದಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು.

ಹಾಗಾಗಿ ಮನೇಲಿ ಅಮ್ಮನೋ ಅಜ್ಜನೋ “ನಂಗೆ ಇದೆಲ್ಲ ಬರಲ್ಲಪ್ಪ” ಅಂತ ಫೋನ್ ಕೆಳಗಿಟ್ಟರೆ, ಅದು ಯಾವ ಮೋಡ್‌ನಲ್ಲಿತ್ತು ಅಂತ ಮೊದಲು ನೋಡಿ.

ನಿಮ್ಮನ್ನು ಹೆಚ್ಚು ಕಾಡೋ ಮೋಡ್ ಯಾವುದು? ಕೆಳಗೆ ಬರೀರಿ.

#ಪರದೆಯಹಿಂದೆ #ವಿನ್ಯಾಸದಕಥೆ #ಕನ್ನಡ